ಹಳೆ ಸೇನಾ ರೈಫಲ್: ಯಾವುದಕ್ಕೆ ಬೆಲೆ, ಯಾವುದಕ್ಕೆ ಬರೀ ತೂಕ

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಹಳೆ ರೈಫಲ್ಲಿನ ಬೆಲೆ ವಿಚಾರಿಸುವವರು ಎರಡು ಬಗೆಯವರು. ಅಪ್ಪ ತೀರಿಕೊಂಡ ಮೇಲೆ ಅವರ ಎರಡು, ತಮ್ಮದೊಂದು ಸೇರಿ ಮೂರು ಬಂದೂಕಾಗಿ, ಒಬ್ಬರಿಗೆ ಎರಡೇ ಎಂಬ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಗೆ ಸಿಕ್ಕಿ ಯಾವುದನ್ನು ಬಿಡಲಿ ಎಂದು ಕೂತವರು ಒಂದು ಬಗೆ. ಮಗಳೋ ಅಳಿಯನೋ ಅಮೆರಿಕದಲ್ಲಿ ನೆಲೆಸಿ, ಫೋಟೊ ಕಳಿಸಿ, ‘ಇದು ನಮ್ಮ ಇಶಾಪುರ ಕಾರ್ಖಾನೆಯದ್ದಂತೆ, ತಗೊಳ್ಳಲಾ?’ ಎಂದು ಕೇಳುತ್ತಿರುವವರು ಇನ್ನೊಂದು ಬಗೆ. ಪ್ರಶ್ನೆ ಒಂದೇ, ಉತ್ತರ ಬೇರೆ ಬೇರೆ. ಅಲ್ಲಿ ಬೆಲೆ ಕಟ್ಟುವುದು ಕಬ್ಬಿಣದ ಮೇಲಿನ ಮುದ್ರೆ. ಇಲ್ಲಿ ಬೆಲೆ ಕಟ್ಟುವುದು ಕೊಳ್ಳುವವರ ಕೈಲಿರುವ ಲೈಸೆನ್ಸು. ಈ ವ್ಯತ್ಯಾಸ ತಿಳಿಯದೆ ಅಂತರ್ಜಾಲದಲ್ಲಿ ಕಂಡ ಡಾಲರ್ ಬೆಲೆಯನ್ನು ರೂಪಾಯಿಗೆ ಗುಣಿಸಿ ಕನಸು ಕಾಣುವವರೇ ಹೆಚ್ಚು.

ಊರಲ್ಲೇ ಇರುವ ಬಂದೂಕು

ಮೊದಲು ಬೋರ್, ಅಂದರೆ ನಳಿಗೆಯ ಒಳಅಳತೆ ನೋಡಿ. ಭಾರತದಲ್ಲಿ .303 ಮತ್ತು 7.62 ಮಿ.ಮೀ. ರೈಫಲ್‌ಗಳು, ಆ ಸೇನಾ ತೋಟಾ ಹಾರಿಸಬಲ್ಲ ಬೇರೆ ಯಾವ ರೈಫಲ್ ಆದರೂ ನಿಷೇಧಿತ ಬೋರ್. .410 ಮಸ್ಕೆಟ್ಟೂ ಅದೇ ಪಟ್ಟಿಯಲ್ಲಿದೆ. ಇವುಗಳ ಲೈಸೆನ್ಸ್ ಜಿಲ್ಲಾಧಿಕಾರಿ ಕಚೇರಿಯಲ್ಲಿ ಆಗುವ ಕೆಲಸವಲ್ಲ, ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗಬೇಕು. ಹಾಗಾಗಿ ಅಮೆರಿಕದ ಸಂಗ್ರಾಹಕರು ಮುಗಿಬಿದ್ದು ಕೊಳ್ಳುವ ರೈಫಲ್ಲಿಗೆ ಹೊಸಪೇಟೆಯಲ್ಲಿ ಗಿರಾಕಿಯೇ ಇರುವುದಿಲ್ಲ. ಹಳೆ ಲೈಸೆನ್ಸಿನಡಿ ಮನೆಯಲ್ಲಿ .303 ಇದ್ದರೆ ಅದಕ್ಕೆ ಮನೆತನದ ಬೆಲೆ ಇದೆ, ಮಾರುಕಟ್ಟೆಯ ಬೆಲೆ ಇಲ್ಲವೆಂದೇ ತಿಳಿಯಿರಿ.

ಅದೇ ಕಾರಣಕ್ಕೆ .315 ಹುಟ್ಟಿತು. ಸೇನೆಯ ತೋಟಾ ಜನರ ಕೈಗೆ ಹೋಗಬಾರದೆಂದು ಬ್ರಿಟಿಷರು ಬೇರೆ ಅಳತೆ ಹುಡುಕಿದರು; 8 ಮಿ.ಮೀ. ಮನ್ಲಿಖರ್ ತೋಟಾ ಆಧಾರವಾಯಿತು. ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ಲಿನ ಒಳಗೆ ಕೂತಿರುವುದು ಬ್ರಿಟಿಷ್ ಸೇನೆಯ .303 ರೈಫಲ್ ಲೀ-ಎನ್‌ಫೀಲ್ಡಿನ ಯಂತ್ರವೇ, ಮ್ಯಾಗಜಿನ್ನಿಗೆ 5 ತೋಟಾ. ಸಂಗ್ರಹದ ದೃಷ್ಟಿಯಲ್ಲಿ ಇದು ದೊಡ್ಡ ಹೆಸರಲ್ಲ. ಆದರೆ ಸಾಮಾನ್ಯ ಲೈಸೆನ್ಸಿನಲ್ಲಿ ಕೊಳ್ಳುವವರಿದ್ದಾರೆ, ಸರ್ಕಾರಿ ಕಾರ್ಖಾನೆಯ ತೋಟಾ ಸಿಗುತ್ತದೆ. ಎರಡರಲ್ಲಿ ಒಂದು ಜಾಗ ಇದಕ್ಕೆ ಕೊಟ್ಟರೆ ತಪ್ಪಿಲ್ಲ.

ನಿಜವಾಗಿ ಬೆಲೆ ಏರಿರುವುದು 1980ರ ದಶಕದ ಮಧ್ಯಕ್ಕಿಂತ ಮೊದಲು ಹೊರದೇಶದಿಂದ ಬಂದ ರೈಫಲ್‌ಗಳಿಗೆ. ಆಮೇಲೆ ಸಾಮಾನ್ಯ ಜನರಿಗೆ ಆಮದಿನ ಬಾಗಿಲು ಮುಚ್ಚಿತು, ಒಳಗಿದ್ದ ಸರಕಿಗೇ ಕಿಮ್ಮತ್ತು ಬಂತು. ಝೆಕೊಸ್ಲೊವಾಕಿಯಾದ ಬ್ರ್ನೊ .22 ಇದಕ್ಕೆ ಒಳ್ಳೆಯ ಉದಾಹರಣೆ. ಯುರೋಪಿನಲ್ಲಿ ಇದು ಸಾಧಾರಣ ರೈಫಲ್, ಇಲ್ಲಿ ಹುಡುಕಿ ಕೊಳ್ಳುವ ಸರಕು. ಮೂರರಲ್ಲಿ ಒಂದು ಬ್ರ್ನೊ ಆಗಿದ್ದರೆ ಅದನ್ನು ಬಿಡುವ ಯೋಚನೆ ಕೊನೆಗೆ ಮಾಡಿ.

ಜೋಡುನಳಿಗೆ 12 ಬೋರ್ ಈ ಬರಹದ ವಸ್ತುವಲ್ಲ, ಆದರೂ ಒಂದು ಮಾತು. ನಳಿಗೆಯ ಮೇಲೆ ಹೆಣೆದಂಥ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ. ಕರಿಮದ್ದಿನ ಕಾಲದ್ದು, ಈಗಿನ ಹೊಗೆರಹಿತ ಮದ್ದಿನ ತೋಟಾ ಹಾಕಿ ಹಾರಿಸಿದರೆ ಕೈ ಹೋದೀತು. ಗಂಗಾವತಿ, ಸಿಂಧನೂರು ಕಡೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿದವರು ನೋಡಬೇಕಾದದ್ದು ಚಂದವನ್ನಲ್ಲ, ಹೊಗೆರಹಿತ ಮದ್ದಿಗೆ ಪರೀಕ್ಷೆಯಾದದ್ದು ಎಂಬ ನೈಟ್ರೋ ಪ್ರೂಫ್ ಮುದ್ರೆ ಇದೆಯೇ ಎಂಬುದನ್ನು. ಹಾಗೆಯೇ, ಬಂದೂಕಿನ ಲೈಸೆನ್ಸ್ ಇದೆಯೆಂದು ಕಾಡುಹಂದಿ ಹೊಡೆಯುವಂತಿಲ್ಲ, ಆ ಅನುಮತಿ ಅರಣ್ಯ ಇಲಾಖೆಯದು.

ಇನ್ನು ಮದ್ದು ತುಂಬುವ ಬಂದೂಕು. 1800ರಲ್ಲಿ ನಿಜಾಮರು ದತ್ತ ಮಂಡಲಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ದಂಡಿನ ಊರಾಯಿತು. ಹೀಗಾಗಿ ಕಂಪನಿಯ ಮಸ್ಕೆಟ್ಟುಗಳು ಈ ಭಾಗದಲ್ಲಿ ಕಾಣುವುದು ಸೋಜಿಗವೇನಲ್ಲ. ಲಾಕಿನ ತಟ್ಟೆಯ ಮೇಲೆ ಹೃದಯದಾಕಾರದೊಳಗೆ ಅಕ್ಷರಗಳಿದ್ದರೆ ಅದು ಸುಮಾರು 1808ಕ್ಕಿಂತ ಹಿಂದಿನ ಕಂಪನಿ ಮುದ್ರೆ; ಹಿಂಗಾಲ ಮೇಲೆ ನಿಂತ ಸಿಂಹವಿದ್ದರೆ ಆಮೇಲಿನದು. ಗೋಡೆಗೆ ತೂಗುಹಾಕಲೆಂದೇ ಮಾಡಿದ ನಕಲುಗಳೂ ಸಾಕಷ್ಟಿವೆ. ಅವುಗಳಲ್ಲಿ ಮದ್ದಿಗೆ ಕಿಡಿ ತಲುಪುವ ಕಿವಿರಂಧ್ರ ಕೊರೆದೇ ಇರುವುದಿಲ್ಲ, ಮದ್ದು ಗಿಡಿಯುವ ಕೋಲು ನಳಿಗೆಯ ತಳ ಮುಟ್ಟುವುದಿಲ್ಲ, ಸ್ಕ್ರೂಗಳ ಸುತ್ತುಗೆರೆ ಹೊಸ ಮಿಷನ್ನಿನದು.

ಕಾಯ್ದೆಯ 45ನೇ ಕಲಮಿನಲ್ಲಿ ಪುರಾತನ ಬಂದೂಕಿಗೆ ವಿನಾಯಿತಿ ಇದೆ ಎಂದು ಹೇಳಿ ಮಾರುವವರಿದ್ದಾರೆ. ಆ ಕಲಮನ್ನು ಪೂರ್ತಿ ಓದಬೇಕು: ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದಂಥದ್ದಕ್ಕೆ ಮಾತ್ರ ವಿನಾಯಿತಿ. ಕುದುರೆ ಮುರಿದಿದೆ, ಹಾಗಾಗಿ ಲೈಸೆನ್ಸ್ ಬೇಡ ಎಂಬ ವಾದ ಠಾಣೆಯಲ್ಲಿ ನಿಲ್ಲದು. ನೂರು ವರ್ಷ ದಾಟಿದ ವಸ್ತುವಾದರೆ 1972ರ ಪ್ರಾಚ್ಯವಸ್ತು ಕಾಯ್ದೆಯೂ ಬರುತ್ತದೆ, ಅಮೆರಿಕದ ಅಳಿಯನಿಗೆ ಕಳಿಸುವ ಮಾತೇ ಇಲ್ಲ.

ಕಥೆಗೆ ಕಾಸಿಲ್ಲ

ನಮ್ಮ ಕಡೆ ಹಳೆ ಬಂದೂಕಿನ ಜೊತೆ ಒಂದು ಕಥೆ ಬಂದೇ ಬರುತ್ತದೆ. ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯರ ಕಡೆಯವರು ಹಿಡಿದದ್ದು, ಕೊಪ್ಪಳದ ಕೋಟೆಯಲ್ಲಿ ಸಿಕ್ಕಿದ್ದು ಎಂಬಂಥವು. ಭೀಮರಾಯರು ಕೊಪ್ಪಳದಲ್ಲಿ ಮಡಿದದ್ದು 1858ರಲ್ಲಿ. ತೋರಿಸುತ್ತಿರುವ ಬಂದೂಕು ಹಿಂದಿನಿಂದ ತೋಟಾ ತುಂಬುವ ಸ್ನೈಡರ್ ಆಗಿದ್ದರೆ ಅದು ಬ್ರಿಟಿಷ್ ಸೇನೆಗೆ ಬಂದದ್ದೇ 1866ರ ಹೊತ್ತಿಗೆ. ಕೆಳಗಡೆ ಸನ್ನೆ ಇರುವ ಮಾರ್ಟಿನಿ-ಹೆನ್ರಿ ಆಗಿದ್ದರೆ 1871. ಕಥೆ ಅಲ್ಲೇ ಬಿತ್ತು. ಹಳೆ ಲೈಸೆನ್ಸ್ ಪುಸ್ತಕ, ಸಂಸ್ಥಾನದ ಪತ್ರ, ಬಂದೂಕಿನ ನಂಬರ್ ಬರೆದ ರಸೀದಿ ಇವು ಬೆಲೆ ಏರಿಸುತ್ತವೆ, ಬಾಯಿಮಾತು ಏರಿಸುವುದಿಲ್ಲ. ಅಮೆರಿಕದಲ್ಲೂ ಇದೇ ಲೆಕ್ಕ. ಎರಡನೇ ಮಹಾಯುದ್ಧದಿಂದ ಸೈನಿಕನೊಬ್ಬ ಮನೆಗೆ ತಂದ ಜರ್ಮನ್ ಮೌಸರ್ ಜೊತೆಗೆ ಅವನ ಮೇಲಧಿಕಾರಿ ಸಹಿ ಮಾಡಿದ ಕಾಗದ ಉಳಿದಿದ್ದರೆ, ಆ ಕಾಗದಕ್ಕೇ ಬೇರೆ ಬೆಲೆ.

ಮಾರ್ಟಿನಿಯ ವಿಷಯದಲ್ಲಿ ಇನ್ನೊಂದು ಎಚ್ಚರ. ಖೈಬರ್ ಕಣಿವೆಯ ಕಮ್ಮಾರರು ಕೈಯಲ್ಲೇ ತಟ್ಟಿದ ನಕಲುಗಳು ಜಗತ್ತಿನೆಲ್ಲೆಡೆ ಹರಡಿವೆ. ಕಿರೀಟದ ಕೆಳಗೆ ವಿಕ್ಟೋರಿಯಾ ರಾಣಿಯ ‘ವಿ.ಆರ್.’ ಇದ್ದು ಇಸವಿ ಮಾತ್ರ 1903 ಅಥವಾ 1905 ಇರುತ್ತದೆ. ರಾಣಿ ತೀರಿಕೊಂಡದ್ದು 1901ರ ಜನವರಿಯಲ್ಲಿ. ಎನ್ ಅಕ್ಷರ ತಿರುಗುಮುರುಗಾಗಿರುವುದು, ಎನ್‌ಫೀಲ್ಡ್ ಎಂಬುದರ ಕಾಗುಣಿತ ತಪ್ಪಿರುವುದು ಸಾಮಾನ್ಯ. ಇವನ್ನೂ ಕುತೂಹಲಕ್ಕೆ ಕೊಳ್ಳುವವರಿದ್ದಾರೆ, ಆದರೆ ಅಸಲಿನ ಬೆಲೆಗಲ್ಲ. ತೋಟಾ ಹಾಕುವ ಮಾತಂತೂ ಬೇಡವೇ ಬೇಡ. ಉಕ್ಕು ಯಾವ ಗುಜರಿಯದೋ ಯಾರಿಗೂ ಗೊತ್ತಿಲ್ಲ.

ಅಮೆರಿಕದಲ್ಲಿ ಕೊಳ್ಳುವವರಿಗೆ

ಮೊದಲು ವೀಸಾ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಅಲ್ಲಿ ಸಾಮಾನ್ಯವಾಗಿ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಮುಂತಾದ ಕೆಲವೇ ವಿನಾಯಿತಿಗಳಿವೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಒಕ್ಕೂಟದ ಕಾನೂನಿನಲ್ಲಿ ಸಂಗ್ರಾಹಕರಿಗೆ ಮುಖ್ಯವಾದ ಗಡಿಗಳು ಎರಡು: 1899ಕ್ಕಿಂತ ಮೊದಲು ತಯಾರಾದದ್ದು ಪುರಾತನ, 50 ವರ್ಷ ದಾಟಿ ಮೂಲರೂಪದಲ್ಲೇ ಇರುವುದು ಸಂಗ್ರಹಯೋಗ್ಯ. ಒಂದೇ ಮಾದರಿಯಲ್ಲಿ 1898ರದ್ದಕ್ಕೂ 1899ರದ್ದಕ್ಕೂ ಬೆಲೆ ಬೇರೆಯಾಗುವುದು ಇದರಿಂದ. ಕಬ್ಬಿಣ ಒಂದೇ, ಕಾಗದಪತ್ರದ ಕಾಟ ಬೇರೆ.

ಬೆಲೆಯನ್ನು ಮೊದಲು ಆಳುವುದು ಸರಬರಾಜು. ರಷ್ಯಾದ ಮೋಸಿನ್-ನಗಾಂತ್ ಪೆಟ್ಟಿಗೆ ಪೆಟ್ಟಿಗೆಯಾಗಿ ಬಂದಿಳಿದ ಕಾಲದಲ್ಲಿ 100 ಡಾಲರ್ ಒಳಗೇ ಸಿಗುತ್ತಿತ್ತು. ಆಮದು ನಿಂತಿತು, ಬೆಲೆ ಹಲವು ಪಟ್ಟು ಏರಿತು. ರೈಫಲ್ ಒಂದು ಗುಂಜಿಯಷ್ಟೂ ಬದಲಾಗಲಿಲ್ಲ. ಉಲ್ಟಾ ಆಗುವುದೂ ಉಂಟು. 2003ರಲ್ಲಿ ಕಠ್ಮಂಡುವಿನ ಹಳೆ ಅರಮನೆಯ ಶಸ್ತ್ರಾಗಾರ ಇಡಿಯಾಗಿ ಮಾರಾಟವಾಗಿ ಮಾರ್ಟಿನಿ, ಸ್ನೈಡರ್, ಬ್ರೌನ್ ಬೆಸ್ ಮಸ್ಕೆಟ್ಟುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಅದುವರೆಗೆ ಅಪರೂಪವಾಗಿದ್ದದ್ದು ಸಾಧಾರಣ ಸಂಗ್ರಾಹಕರ ಕೈಗೆಟುಕಿತು. ಹಾಗಾಗಿ ‘ಇದು ಅಪರೂಪ’ ಎಂದು ಯಾರಾದರೂ ಹೇಳಿದರೆ, ಎಲ್ಲಿ ಅಪರೂಪ, ಯಾವ ಉಗ್ರಾಣದಲ್ಲಿ ಇನ್ನೂ ಬಿದ್ದಿರಬಹುದು ಎಂದು ಕೇಳಿ.

ಎರಡನೆಯದು ನಂಬರ್. ಸೇನಾ ರೈಫಲ್ಲಿನ ಮುಖ್ಯ ಭಾಗಗಳಿಗೆ ಕಾರ್ಖಾನೆಯಲ್ಲೇ ಒಂದೇ ನಂಬರ್ ಹೊಡೆದಿರುತ್ತಾರೆ. ಎಲ್ಲ ಹೊಂದಿದರೆ ಒಂದು ಬೆಲೆ, ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟ್ ಬೇರೆಯಾದರೆ ಗಣನೀಯವಾಗಿ ಕಡಿಮೆ. ಜರ್ಮನ್ ಮೌಸರ್ ಕೆ98ಕೆಯಲ್ಲಿ ಈ ಅಂತರ ಎದ್ದು ಕಾಣುತ್ತದೆ. ರಷ್ಯನ್ನರು ವಶಪಡಿಸಿಕೊಂಡು ದುರಸ್ತಿ ಮಾಡಿ ಇಟ್ಟವುಗಳ ಮರಕ್ಕೆ ಕೆಂಪುಛಾಯೆಯ ಅರಗಿನ ಲೇಪ, ಬೋಲ್ಟಿನ ಮೇಲೆ ವಿದ್ಯುತ್ ಪೆನ್ಸಿಲ್ಲಿನಲ್ಲಿ ಗೀಚಿದ ಹೊಸ ನಂಬರ್. ಒತ್ತಿ ಹೊಡೆದ ಅಂಕಿಯ ಅಂಚು ಉಬ್ಬಿರುತ್ತದೆ, ಗೀಚಿದ್ದು ಮೇಲ್ಮೈಯಲ್ಲೇ ಓಡಿರುತ್ತದೆ. ಬೆರಳು ಸವರಿದರೆ ಗೊತ್ತಾಗುತ್ತದೆ. ನಾಲ್ಕು ಕಾಸು ಉಳಿಸಿ ಇತಿಹಾಸದ ಒಂದು ತುಂಡು ಇಟ್ಟುಕೊಳ್ಳುವವರಿಗೆ ಇವು ಸಾಕು, ಆದರೆ ಮುಂದೆ ಲಾಭಕ್ಕೆ ಮಾರುವ ಆಸೆ ಬೇಡ.

ಮೂರನೆಯದು ಆಮದು ಮುದ್ರೆ. 1968ರ ಕಾನೂನಿನ ನಂತರ ತರಿಸಿದವುಗಳ ಮೇಲೆ ಆಮದುದಾರರ ಹೆಸರು, ಊರು ಕೊರೆದಿರಲೇಬೇಕು. ಕೆಲವರು ನಳಿಗೆಯ ಅಡಿ ಸಣ್ಣದಾಗಿ ಹೊಡೆದರು, ಕೆಲವರು ಜಾಹೀರಾತು ಫಲಕದಷ್ಟು ದೊಡ್ಡದಾಗಿ. ಮುದ್ರೆ ಇಲ್ಲದ ರೈಫಲ್ಲಿಗೆ ಹೆಚ್ಚು ಬೆಲೆ.

ಆಯ್ಕೆಯ ಮಾತಿಗೆ ಬಂದರೆ, ಮೊದಲ ರೈಫಲ್ ಕೊಳ್ಳುವವರಿಗೆ ಸ್ವಿಟ್ಜರ್ಲೆಂಡಿನ ಕೆ31 ಒಳ್ಳೆಯ ಹೂಡಿಕೆ. ಸ್ವಿಸ್ ಸೈನಿಕರು ಇದನ್ನು ಯುದ್ಧಕ್ಕೆ ಒಯ್ಯಲಿಲ್ಲ, ಹಾಗಾಗಿ ನಳಿಗೆಗಳು ಚೆನ್ನಾಗಿರುತ್ತವೆ. ಬಟ್ಟಿನ ಹಿಂದಿನ ತಟ್ಟೆಯ ಎರಡು ಸ್ಕ್ರೂ ಬಿಚ್ಚಿದರೆ ಅನೇಕ ಸಲ ಆ ಸೈನಿಕನ ಹೆಸರಿನ ಚೀಟಿ ಸಿಗುತ್ತದೆ. ಸಿಕ್ಕರೆ ಅಲ್ಲೇ ಮಡಚಿಟ್ಟು ಮುಚ್ಚಿ, ತೆಗೆದು ಚೌಕಟ್ಟು ಹಾಕಿಸಬೇಡಿ. ಅಮೆರಿಕದ ಎಂ1 ಗ್ಯಾರಂಡ್ ಕೊಳ್ಳುವುದು ಸುಲಭ, ಮಾರುವುದು ಇನ್ನೂ ಸುಲಭ. ಆದರೆ ಸೇನೆಯೇ ಹಲವು ಸಲ ಬಿಚ್ಚಿ ಜೋಡಿಸಿದ್ದರಿಂದ ಬಿಡಿಭಾಗಗಳು ಕಲಸುಮೇಲೋಗರ. ಎಲ್ಲ ಭಾಗ ಒಂದೇ ಕಾಲದ್ದು ಎಂದು ಹೇಳಿ ಮಾರಿದರೆ, ಯಾರೋ ಆಮೇಲೆ ಕೂತು ಹೊಂದಿಸಿದ್ದು ಎಂದೇ ಮೊದಲು ಶಂಕಿಸಿ. ಮೋಸಿನ್‌ನಲ್ಲಿ ಬೆಲೆ ಇರುವುದು ಫಿನ್ಲೆಂಡಿನವರು ಮಾಡಿಕೊಂಡ ಎಂ39ಕ್ಕೆ, ಚೌಕದೊಳಗೆ ಫಿನ್ಲೆಂಡ್ ಸೇನೆಯ ‘ಎಸ್‌ಎ’ ಮುದ್ರೆ ಇರುತ್ತದೆ.

ಲೀ-ಎನ್‌ಫೀಲ್ಡ್ ಓದುವ ಬಗೆ

ನಮ್ಮವರು ಹೆಚ್ಚಾಗಿ ಕೇಳುವುದು ಇದನ್ನೇ, ಆದ್ದರಿಂದ ಇದರ ಮೇಲೆ ಸ್ವಲ್ಪ ನಿಲ್ಲೋಣ. ರೈಫಲ್ ಖಾಲಿ ಇದೆಯೆಂದು ಎರಡು ಸಲ ನೋಡಿ, ಬೋಲ್ಟ್ ತೆಗೆದಿಟ್ಟು, ಬಟ್ ಆರಂಭವಾಗುವ ಕಡೆ ಬಲಗಡೆಯ ಕಬ್ಬಿಣದ ಪಟ್ಟಿ ಹುಡುಕಿ. ಮೇಲೆ ಕಿರೀಟ, ಅದರಡಿ ಜಾರ್ಜ್ ದೊರೆಯ ‘ಜಿ.ಆರ್.’, ಆಮೇಲೆ ಕಾರ್ಖಾನೆ, ಇಸವಿ, ಮಾದರಿ. ‘ಜಿ.ಆರ್.ಐ.’ ಎಂದಿದ್ದರೆ ಇಶಾಪುರ. ಸ್ವಾತಂತ್ರ್ಯದ ನಂತರದ್ದರಲ್ಲಿ ಕಿರೀಟ ಹೋಗಿ ಅಶೋಕ ಸ್ತಂಭದ ಸಿಂಹಗಳು ಬಂದವು. ಮಾದರಿಯ ಮುಂದೆ ನಕ್ಷತ್ರ ಚಿಹ್ನೆ ಇದ್ದರೆ ಮೊದಲ ಮಹಾಯುದ್ಧದ ಅವಸರದಲ್ಲಿ ಸರಳಗೊಳಿಸಿದ್ದು: ತೋಟಾ ತಡೆಯುವ ಕಟ್-ಆಫ್ ತಟ್ಟೆ, ದೂರದ ಗುರಿಗೆ ಪಕ್ಕದಲ್ಲಿದ್ದ ವಾಲಿ ಸೈಟ್ ಎರಡೂ ಹೋದವು. ನಕ್ಷತ್ರವಿಲ್ಲದ, 1914ಕ್ಕಿಂತ ಮೊದಲಿನ, ಈ ಎರಡೂ ಉಳಿದಿರುವ ಮಾರ್ಕ್ 3 ಸಿಕ್ಕರೆ ಅದು ದುಬಾರಿ, ದುಬಾರಿಯೇ ಇರಬೇಕು.

ನಂಬರ್‌ಗಳನ್ನು ಬೋಲ್ಟ್ ಕೂರುವ ಕವಚದ (ರಿಸೀವರ್) ಮುಂಭಾಗ, ನಳಿಗೆಯ ಬುಡ, ಬೋಲ್ಟ್ ಹಿಡಿಯ ಹಿಂದೆ, ಹಿಂಗುರಿಯ (ಹಿಂದಿನ ಸೈಟ್) ತಟ್ಟೆಯ ಅಡಿ, ಮೂತಿಯ ಕವಚ, ಮುಂಗಟ್ಟಿಗೆಯ (ನಳಿಗೆಯಡಿಯ ಮುಂದಿನ ಮರ) ಅಡಿ ಹೋಲಿಸಿ. ಬೋಲ್ಟ್ ಬೇರೆಯಾಗಿದ್ದರೆ ಬೆಲೆಯ ಜೊತೆ ಸುರಕ್ಷತೆಯೂ ಪ್ರಶ್ನೆಯೇ. ತೋಟಾದ ತಳಕ್ಕೂ ಬೋಲ್ಟಿಗೂ ಇರುವ ಅಂತರ ಹೆಚ್ಚಾಗಿ ಹಿತ್ತಾಳೆಯ ಕೊಳವೆ ಬಿರುಕು ಬಿಡಬಹುದು; ಗೇಜ್ ಹಾಕಿ ನೋಡಿಸದೆ ಹಾರಿಸಬಾರದು. ‘ಡಿ.ಪಿ.’ ಎಂದು ಹೊಡೆದಿದ್ದರೆ ಅದು ಕವಾಯತಿಗೆ ಮಾತ್ರ ಇಟ್ಟದ್ದು.

ಇಶಾಪುರದ ರೈಫಲ್‌ಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಅಥವಾ ಎನ್‌ಫೀಲ್ಡಿನದಕ್ಕಿಂತ ಕಡಿಮೆ ಬೆಲೆ ಕಟ್ಟುವುದು ವಾಡಿಕೆ. ದಶಕಗಟ್ಟಲೆ ದುಡಿದು, ಹಲವು ಸಲ ರಿಪೇರಿಯಾಗಿ ಬಂದದ್ದೇ ಕಾರಣ. ಮುಂಗಟ್ಟಿಗೆಗೆ ಅಡ್ಡಲಾಗಿ ಕಾಣುವ ಸ್ಕ್ರೂ ಇಶಾಪುರದವರೇ ಬಲಕ್ಕೆ ಹಾಕಿದ್ದು, ಅದು ದೋಷವಲ್ಲ, ಗುರುತು. ಗ್ರೆನೇಡ್ ಹಾರಿಸಲು ತಾಮ್ರದ ತಂತಿ ಸುತ್ತಿದ್ದನ್ನೂ ಬಿಚ್ಚಬೇಡಿ. 1962ರ ಚೀನಾ ಯುದ್ಧದ ನಂತರ ಬಂದ 2ಎ ಮತ್ತು 2ಎ1 ಮಾತ್ರ ಬೇರೆಯೇ ಸರಕು: ಹೊಸ ಉಕ್ಕಿನಲ್ಲಿ 7.62 ಮಿ.ಮೀ. ತೋಟಾಕ್ಕೆಂದೇ ಮಾಡಿದ್ದು, ಹಳೆ .303 ತಿದ್ದಿದ್ದಲ್ಲ. 2ಎ ಹಿಂಗುರಿಯ ತಟ್ಟೆಯಲ್ಲಿ ದೂರದ ಅಂಕಿ 2000ದವರೆಗೆ, 2ಎ1ದು 800ರವರೆಗೆ. ಮೊದಲು ಇವನ್ನು ಯಾರೂ ಮೂಸುತ್ತಿರಲಿಲ್ಲ, ಈಗ ಹುಡುಕುತ್ತಾರೆ. ಇವೆರಡರಲ್ಲಿ ಒಂದನ್ನು ಆರಿಸುವುದಾದರೆ 2ಎ ಕೊಳ್ಳಿ, ಕಡಿಮೆ ಕಾಲ ತಯಾರಾದದ್ದು.

ದೊಡ್ಡ ದುಡ್ಡಿರುವುದು ಲೀ-ಎನ್‌ಫೀಲ್ಡಿನ ನಂ. 4 (ಟಿ) ಸ್ನೈಪರ್‌ನಲ್ಲಿ, ಸಾವಿರಗಟ್ಟಲೆ ಡಾಲರ್. ದೊಡ್ಡ ಮೋಸವೂ ಅಲ್ಲೇ. ಕವಚದ ಎಡಗೋಡೆಯ ಮೇಲೆ ‘ಟಿ’, ದೂರದರ್ಶಕದ ಹಿಡಿಕೆಯ ಮೇಲೆ ರೈಫಲ್ಲಿನದೇ ನಂಬರ್, ಬಟ್ಟಿನ ಕುತ್ತಿಗೆಯ ಮೇಲೆ ದೂರದರ್ಶಕದ ನಂಬರ್: ಮೂರೂ ಹೊಂದಬೇಕು. ಎರಡು ಹೊಂದಿ ಒಂದು ಹೊಂದದಿದ್ದರೆ ಸ್ನೈಪರ್ ಬೆಲೆ ಕೊಡಬೇಡಿ. ನಂ. 5 ‘ಜಂಗಲ್ ಕಾರ್ಬೈನ್’ನಲ್ಲೂ ನಂ. 4 ಕತ್ತರಿಸಿ ಮಾಡಿದ ನಕಲು ಬಹಳ. ಮೇಲಿನ ಮರ ತೆಗೆಸಿ ನೋಡಿ. ಅಸಲಿನಲ್ಲಿ ನಳಿಗೆಯ ಬುಡದಲ್ಲೂ ಕವಚದಲ್ಲೂ ತೂಕ ಇಳಿಸಲು ಕೆತ್ತಿದ ತಗ್ಗುಗಳಿರುತ್ತವೆ, ನಕಲಿಯಲ್ಲಿ ಮೂತಿಗೆ ಕೊಳವೆ ಮಾತ್ರ ಸಿಕ್ಕಿಸಿರುತ್ತಾರೆ.

ಬೆಲೆ ಕಳೆಯುವುದು ಹೇಗೆ

ಎಮರಿ ಪೇಪರ್ ಹಾಕಿ ಉಜ್ಜಿ, ಹೊಸದಾಗಿ ಕಪ್ಪು ಬಣ್ಣ ಏರಿಸಿ, ಮರಕ್ಕೆ ಕಿಟಕಿ-ಬಾಗಿಲಿನ ವಾರ್ನಿಷ್ ಹೊಡೆಸಿದರೆ ಮುಗಿಯಿತು. ಮುದ್ರೆಯ ಅಂಚು ಒಮ್ಮೆ ಸವೆದರೆ ವಾಪಸ್ ಬಾರದು. ನಮ್ಮ ದೇಶದಲ್ಲಿ ಇನ್ನೂ ಒಂದಿದೆ: ಬಂದೂಕಿನ ಗುರುತಿನ ನಂಬರ್ ಅಳಿಸುವುದು, ತಿದ್ದುವುದು ಕಾಯ್ದೆಯ 8ನೇ ಕಲಮಿನಡಿ ಅಪರಾಧ. ಕೆಂಪು ತುಕ್ಕು ಕಂಡರೆ ತೆಳು ಎಣ್ಣೆಯಲ್ಲಿ ಅದ್ದಿದ ಅತಿ ನಯದ ಸ್ಟೀಲ್ ವುಲ್ ಸಾಕು. ಕೆಳಗಿನ ಕಂದು ಬಣ್ಣಕ್ಕೆ ಕೈ ಹಚ್ಚಬೇಡಿ.

ಮರಕ್ಕೆ ಹಸಿ ಅಗಸೆ ಎಣ್ಣೆ. ಲೀ-ಎನ್‌ಫೀಲ್ಡಿಗೆ ಸೇನೆಯವರೇ ಹಚ್ಚುತ್ತಿದ್ದದ್ದು ಅದನ್ನೇ, ನಮ್ಮ ಕಡೆ ಗಾಣದಲ್ಲೇ ಸಿಗುತ್ತದೆ. ಅಂಗೈಗೆ ನಾಲ್ಕೈದು ಹನಿ, ಬಿಸಿಯಾಗುವವರೆಗೆ ಉಜ್ಜುವುದು, ಉಳಿದದ್ದನ್ನು ಒರೆಸಿ ಒಂದು ದಿನ ಬಿಡುವುದು. ಸುರಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ. ಆ ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಒಣಗಿಸಿ.

ರಾಯಚೂರಿನ ಬೇಸಿಗೆಗೆ ಮರ ಒಣಗಿ ಕುಗ್ಗುತ್ತದೆ, ಬಟ್ ಅಲ್ಲಾಡುತ್ತದೆ. ಬಟ್ಟಿನ ಒಳಗಿನ ಉದ್ದ ಬೋಲ್ಟನ್ನು ಬಿಗಿ ಮಾಡೋಣವೆಂದು ಹಿಂದಿನಿಂದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಮುಂಗಟ್ಟಿಗೆ ಸೀಳುತ್ತದೆ. ಮಾರ್ಕ್ 3 ಸೇರಿದ ಹಳೆ ನಂ. 1 ಮಾದರಿಯಲ್ಲಿ ಆ ಬೋಲ್ಟಿನ ಚೌಕ ತುದಿ ಮುಂಗಟ್ಟಿಗೆಯ ಹಿಂಬದಿಯ ತಟ್ಟೆಯೊಳಗೆ ಕೂತಿರುತ್ತದೆ, ಕಾರಣ ಅದು. ಮೊದಲು ಮುಂಗಟ್ಟಿಗೆ ಬಿಚ್ಚಿ, ಆಮೇಲೆ ಬೋಲ್ಟ್.

ಸಂಡೂರು, ಹೊಸಪೇಟೆ ಕಡೆಯ ಅದಿರಿನ ಕೆಂಪು ಧೂಳು ಎಣ್ಣೆಯೊಂದಿಗೆ ಸೇರಿದರೆ ಅರೆಯುವ ಪೇಸ್ಟೇ. ಬೋಲ್ಟ್ ಆಡುವ ಹಾದಿಯನ್ನು ಒಣಬಟ್ಟೆಯಲ್ಲಿ ಒರೆಸಿದ ಮೇಲೆಯೇ ಹೊಸ ಎಣ್ಣೆ, ಅದೂ ಪದರ ಕಾಣದಷ್ಟು. ಚರ್ಮದ ಚೀಲದಲ್ಲಿ ಇಟ್ಟೇ ಬಿಡಬೇಡಿ; ಚರ್ಮ ಹದ ಮಾಡಿದ ಆಮ್ಲ, ತೇವ ಎರಡೂ ಕಬ್ಬಿಣಕ್ಕೆ ಇಳಿಯುತ್ತವೆ. ಹಳೆ ಸೇನಾ ತೋಟಾ ಹಾರಿಸಿದ ನಳಿಗೆಯೊಳಗೆ ಉಪ್ಪು ಉಳಿಯುತ್ತದೆ, ಅದನ್ನು ಎಣ್ಣೆ ತೆಗೆಯದು. ಬಿಸಿನೀರು ಹಾಯಿಸಿ, ಒರೆಸಿ, ಆಮೇಲೆ ಎಣ್ಣೆ.

ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕುಗಳು ಠಾಣೆ ಸೇರುತ್ತವೆ. ಅನೇಕ ಬಂದೂಕುಗಳ ಬೆಲೆ ಬಿದ್ದದ್ದು ಆ ಒಂದೆರಡು ತಿಂಗಳಲ್ಲಿ: ಗೋಣಿಚೀಲದಲ್ಲಿ ಸುತ್ತಿ ಒಂದರ ಮೇಲೊಂದು ಇಟ್ಟರೆ ಗೋಣಿ ತೇವ ಹೀರುತ್ತದೆ, ನಳಿಗೆಯ ಮೇಲೆ ನಾರಿನ ಗೆರೆಯಂತೆ ತುಕ್ಕು ಏಳುತ್ತದೆ. ಕೊಡುವ ಮೊದಲು ನಾಲ್ಕು ಕಡೆಯಿಂದ ಫೋಟೊ ತೆಗೆಯಿರಿ, ಒಗೆದ ಹತ್ತಿಬಟ್ಟೆಗೆ ಎಣ್ಣೆ ಸವರಿ ಸುತ್ತಿ, ಅದರ ಮೇಲೆ ಪ್ರತ್ಯೇಕ ಕ್ಯಾನ್ವಾಸ್ ಚೀಲ. ರಸೀದಿಯಲ್ಲಿ ಬಂದೂಕಿನ ನಂಬರ್, ದೂರದರ್ಶಕ, ಪಟ್ಟಿ ಎಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಮಾರುವುದೇ ಆದರೆ, ಲೈಸೆನ್ಸ್ ಇರುವವರಿಗೇ ಮಾರಬೇಕು, ಅದಕ್ಕೂ ಮೊದಲು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಕುಟುಂಬದೊಳಗೇ ಉಳಿಸಿಕೊಳ್ಳುವ ಮನಸ್ಸಿದ್ದರೆ 2016ರ ನಿಯಮಗಳಲ್ಲಿ ದಾರಿ ಇದೆ: ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ತೀರಿಕೊಂಡ ಮೇಲಾದರೆ ಮೊದಲ ಕೆಲಸ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸುದಾರ ಅಂಗಡಿಯಲ್ಲೋ ಠೇವಣಿ ಇಡುವುದು. ಅಂಗಡಿಯಾದರೆ ಬಾಡಿಗೆ ಬೀಳುತ್ತದೆ, ಆದರೆ ಗೋಣಿಚೀಲದ ಭಯವಿಲ್ಲ. ಬೆಲೆಯುಳ್ಳ ರೈಫಲ್ಲಿಗೆ ಅಂಗಡಿಯೇ ವಾಸಿ.